ಪ್ರೆಸ್ಸು ಜಿಗಣಿಗೆ ಹೋದ ಮೇಲೆ ಉಳಿದ ಹಾಡು

ನಾನೂ ಮನೆಯವರೂ ರಜ ಹಾಕಿದ್ದ ಆ ದಿನ ನಾನು ಮಾಡಿದ ಕೆಲಸಗಳು ಇಷ್ಟು. ಬೆಳಿಗ್ಗೆ ಎದ್ದು ನೆಲದಡಿಯ ಸಂಪಿಗೆ ನೀರು ಬಿಟ್ಟೆ. ಮೇಲಿನ ಟ್ಯಾಂಕಿಗೆ ಏರಿಸಲು ಮೋಟಾರು ಹಾಕಿದೆ, ಎಂದಿನಂತೆ ಆರಿಸುವುದನ್ನು ಮರೆತೆ, ನೀರು ಉಕ್ಕಿ ಪಕ್ಕದ ಮನೆಯ ಗೋಡೆಗೆ ಬಿದ್ದ ಮೇಲೆ ಓಡಿದೆ. ರಾತ್ರಿ ಹೆಪ್ಪು ಹಾಕಿದ್ದ ಮೊಸರನ್ನು ಫ್ರಿಜ್ಜಿಗೆ ಸೇರಿಸಿದೆ. ಅತ್ತೆಗೆ ಬಿಪಿ ಮಾತ್ರೆ ಕೊಟ್ಟೆ. ಹುರುಳಿಕಾಳು ಬೇಯಿಸಿ, ಬಸಿದು, ಕಟ್ಟನ್ನು ಸಾರಿಗೆ, ಕಾಳನ್ನು ಪಲ್ಯಕ್ಕೆ ಬೇರೆ ಮಾಡಿದೆ. ಮನೆಯವರ ಕಪ್ಪು ಟೀ ಶರ್ಟಿಗೆ ಇಸ್ತ್ರಿ ಹಾಕಿದೆ. ನನ್ನ ಬಾಸ್ ಗಿಟಾರಿನ ಬೆಲ್ಟು ಕಿತ್ತುಬಂದಿದ್ದ ಕಡೆ ಸೀರೆ ಫಾಲ್ಸಿನ ತುಂಡು ಒತ್ತಿಟ್ಟು ಹೊಲಿದೆ. ಅಷ್ಟರಲ್ಲಿ ನಮ್ಮ ಬ್ಯಾಂಡಿನ ಎರಡನೆಯ ಆಲ್ಬಂ ಬಿಡುಗಡೆಯಾಯಿತು. ಆಮೇಲೆ ಕೊತ್ತಂಬರಿ ಸೊಪ್ಪು ಬಿಡಿಸಿದೆ.

ಬಿಡುಗಡೆ ಎಂದರೆ ಒಂದು ರಿಬ್ಬನ್ನಾದರೂ ಇರುತ್ತದೆ, ಯಾರಾದರೂ ಒಬ್ಬರು ಕತ್ತರಿ ಹಿಡಿದಿರುತ್ತಾರೆ ಎಂದು ನನ್ನ ಕಲ್ಪನೆ. ಅಂಥದ್ದೇನೂ ಇಲ್ಲ. ಫೋನು ಟಿಂಗ್ ಎಂದಿತು. ನಮ್ಮ ಹಾಡುಗಾರ್ತಿ ಒಂದು ಲಿಂಕ್ ಕಳಿಸಿ, ಅದರ ಮುಂದೆ ಬೆಂಕಿಯ ಚಿತ್ರ ಹಾಕಿದ್ದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಒತ್ತಿದೆ. ಹಾಡು ಶುರುವಾಯಿತು. ಊಟದ ಟೇಬಲಿನ ಮುಂದೆ ಕೂತಿದ್ದ ಅತ್ತೆ ಸ್ವಲ್ಪ ಹೊತ್ತು ಕೇಳಿದರು.

"ಪಾಪ, ಆ ಹುಡುಗಿಗೆ ಯಾರು ಏನಂದ್ರು?"

"ಯಾರೂ ಏನೂ ಅಂದಿಲ್ಲ ಅತ್ತೆ. ಅದು ಹಾಡು."

"ಮತ್ತೆ ಯಾಕೆ ಅಂಗೆ ಕಿರುಚ್ಕೋತಾಳೆ? ಈ ಡಬ್ಬ ಬಡಿಯೋದು ನನ್ನ ಮಗ, ಅದು ಗೊತ್ತಾಯ್ತು. ಇದ್ರಲ್ಲಿ ನೀನೆಲ್ಲಿದ್ದೀಯೆ?"

ಫೋನಿನ ಪುಟ್ಟ ಸ್ಪೀಕರಿನಲ್ಲಿ ಬಾಸ್ ಗಿಟಾರು ಕೇಳಿಸುವುದೇ ಇಲ್ಲ. ಅದಕ್ಕೆ ದೊಡ್ಡ ಸ್ಪೀಕರು ಬೇಕು ಎಂದು ಹೇಳಿದೆ. ಅತ್ತೆ ಕನಿಕರದಿಂದ ನನ್ನನ್ನು ನೋಡಿ, "ಆಗ್ಲಿ ಬಿಡು, ಅಡುಗೇಲಿ ಉಪ್ಪು ಕಾಣ್ಸುತ್ತಾ?" ಎಂದರು. ನನ್ನ ಸಂಗೀತ ಜೀವನದ ಬಗ್ಗೆ ಈವರೆಗೆ ಬಂದ ಅತ್ಯಂತ ಒಳ್ಳೆಯ ವಿಮರ್ಶೆ ಅದೇ.

ನಾನು ಹೇಗೆ ಈ ಪೇಚಿಗೆ ಬಿದ್ದೆ ಎಂದು ಹೇಳಬೇಕು. ನಾವಿರುವುದು ದಾಸರಹಳ್ಳಿ. ಮನೆಯವರಿಗೆ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ವಯಸ್ಸಿನಲ್ಲಿ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಿಗೆ ಡ್ರಮ್ ಬಾರಿಸುತ್ತಿದ್ದವರು, ಆಮೇಲೆ ಯಾರ್ಯಾರೋ ಜೊತೆ ಸೇರಿ ಬ್ಯಾಂಡು ಕಟ್ಟಿದರು. ಹಾಡುವುದು, ಗಿಟಾರು ನುಡಿಸುವುದು ಎರಡೂ ವರ್ತೂರಿನ ಒಬ್ಬ ಹುಡುಗಿ. ಹುಡುಗಿ ಎನ್ನುತ್ತೇನೆ, ಮೂವತ್ತು ದಾಟಿದೆ. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಇವರು ನುಡಿಸುವುದಕ್ಕೆ ಪೋಸ್ಟ್-ಹಾರ್ಡ್‌ಕೋರ್ ಎಂದು ಹೆಸರು. ಅದನ್ನು ನಮ್ಮ ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ: ಮೊದಲು ಕುಕ್ಕರು ಸುಮ್ಮನೆ ಕೂತಿರುತ್ತದೆ, ಒಳಗೆ ಏನೋ ಗುಸುಗುಸು ನಡೆದಿರುತ್ತದೆ, ನಾವು ಬೇರೆ ಕೆಲಸದಲ್ಲಿ ಮೈಮರೆತಿರುವಾಗ ಒಮ್ಮೆಲೇ ಎದೆ ಒಡೆಯುವಂತೆ ಕೂಗುತ್ತದೆ, ಮತ್ತೆ ತಾನೇನೂ ಮಾಡಿಯೇ ಇಲ್ಲವೆಂಬಂತೆ ಸುಮ್ಮನಾಗುತ್ತದೆ. ಅಷ್ಟೇ.

ಮೊದಲ ಆಲ್ಬಂ ಮಾಡುವಾಗ ನಾನು ಬ್ಯಾಂಡಿನಲ್ಲಿ ಇರಲಿಲ್ಲ. ಸ್ಟುಡಿಯೋಗೆ ಪುಳಿಯೋಗರೆ ಕೊಂಡೊಯ್ಯುವವಳು ಮಾತ್ರ. ಆಗ ಬಾಸ್ ನುಡಿಸುತ್ತಿದ್ದ ಹುಡುಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಬದಲಿಗೆ ಬಂದವರೆಲ್ಲ ಎರಡು ವಾರ ಇದ್ದು ಹೋದರು. ಒಂದು ಸಂಜೆ ಮನೆಯವರು ಟೀ ಕುಡಿಯುತ್ತಾ ನನ್ನನ್ನು ಅಳೆಯುವ ಹಾಗೆ ನೋಡಿದರು.

"ನೀನು ಮದುವೆಗೆ ಮುಂಚೆ ವೀಣೆ ಕಲ್ತಿದ್ದೆ ಅಲ್ವೇನೆ?"

"ಐದು ವರ್ಷ ಕಲ್ತೆ. ಈಗ ಯಾಕ್ರೀ?"

"ವೀಣೇಲಿ ಮೀಟೋ ತಂತಿ ಎಷ್ಟು?"

"ನಾಲ್ಕು."

"ಆಯ್ತು ಬಿಡು, ಸಾಕು."

ಹೀಗೆ ನನ್ನ ಆಯ್ಕೆಯಾಯಿತು. ಸಂದರ್ಶನದಲ್ಲಿ ಇನ್ನೊಂದು ಪ್ರಶ್ನೆ ಕೇಳಿದ್ದರೆ ಸಿಕ್ಕಿಬೀಳುತ್ತಿದ್ದೆ. ಆಗ ನಾನು ಪೀಣ್ಯದಲ್ಲೇ ರಟ್ಟಿನ ಪೆಟ್ಟಿಗೆ ಮಾಡುವ ಕಂಪನಿಯ ಆಫೀಸಿನಲ್ಲಿ ಬಿಲ್ ಬರೆಯುತ್ತಿದ್ದೆ, ಈಗಲೂ ಅದೇ. ನಲವತ್ತು ದಾಟಿದ ಮೇಲೆ, ಮಂಡಿನೋವಿನ ಎಣ್ಣೆ ಹಚ್ಚಿಕೊಂಡು, ಕೈಮಗ್ಗದ ಸೀರೆಯ ಮೇಲೆ ಬಾಸ್ ಗಿಟಾರು ನೇತುಹಾಕಿಕೊಂಡು ಹೊರಟವಳನ್ನು ನೋಡಿ ಆಟೋದವರು, "ಅದೇನು ಮೇಡಂ, ತಂಬೂರಿನಾ?" ಎನ್ನುತ್ತಿದ್ದರು. ಹೌದಪ್ಪ ಎಂದುಬಿಡುತ್ತಿದ್ದೆ. ವಿವರಿಸಿದರೆ ದಾರಿ ತಪ್ಪಿಸಿಬಿಡುತ್ತಾರೆ ಎಂಬ ಭಯ.

ನಮ್ಮ ಅಭ್ಯಾಸದ ಜಾಗ ಪೀಣ್ಯದ ಒಂದು ಶೆಡ್ಡು. ಕೆಳಗೆ ವಾಷರು ಕತ್ತರಿಸುವ ಪ್ರೆಸ್ಸು, ಅಂದರೆ ನಟ್ಟು ಬೋಲ್ಟಿನ ನಡುವೆ ಹಾಕುವ ತೂತಿನ ಬಿಲ್ಲೆಗಳನ್ನು ತಗಡಿನ ಪಟ್ಟಿಯಿಂದ ಒಂದೇ ಸಮನೆ ಹೊಡೆದು ಉದುರಿಸುವ ಯಂತ್ರ. ಮೇಲೆ ತಗಡಿನ ಮಾಡಿನ ಖಾಲಿ ಕೋಣೆ. ಶೆಡ್ಡಿನ ಯಜಮಾನರು ಆ ಊರಿನ ಹಳಬರು. "ನಮ್ಮ ತಾತ ಇಲ್ಲಿ ರಾಗಿ ಬೆಳೀತಿದ್ರು, ನಾನು ವಾಷರ್ ಬೆಳೀತಿವ್ನಿ" ಎನ್ನುವುದು ಅವರು ತಮ್ಮನ್ನು ಪರಿಚಯಿಸಿಕೊಳ್ಳುವ ರೀತಿ. ಮೊದಲ ದಿನ ಮನೆಯವರು ಸಂಕೋಚದಿಂದ, ಸದ್ದು ಜಾಸ್ತಿಯಾದರೆ ಹೇಳಿ ಎಂದದ್ದಕ್ಕೆ ಅವರು ಹೊಟ್ಟೆ ಹಿಡಿದು ನಕ್ಕಿದ್ದರು.

"ಅಂಗೇ ಬಡ್ಕೊಳ್ಳಿ ಸಾ! ನಮ್ ಮಿಷನ್ ಮುಂದೆ ನಿಮ್ದ್ಯಾವ ಸದ್ದು?"

ನಿಜವೇ. ಶನಿವಾರ ಮಧ್ಯಾಹ್ನ ನಮಗೆಲ್ಲ ಬಿಡುವು, ಆದರೆ ಪ್ರೆಸ್ಸಿಗೆ ಬಿಡುವಿಲ್ಲ. ಅದು ಧಡ್, ಧಡ್ ಎಂದು ಬಡಿಯುತ್ತಲೇ ಇರುತ್ತಿತ್ತು. ನೆಲ ನಡುಗುತ್ತಿತ್ತು, ಲೋಟದ ನೀರಿನಲ್ಲಿ ಉಂಗುರ ಏಳುತ್ತಿತ್ತು. ಮೊದಮೊದಲು ತಲೆನೋವು ಬಂತು. ಆಮೇಲೆ ಅದು ನಮ್ಮ ಕಿವಿಗೆ ಬೀಳುವುದೇ ನಿಂತಿತು. ವರ್ಷಗಟ್ಟಲೆ ಹಾಗೆಯೇ ನಡೆದು ಏಳು ಹಾಡು ಕಟ್ಟಿದೆವು. ಎರಡನೆಯ ಆಲ್ಬಂ ಆಗುವಷ್ಟು ಸರಕು ಇದೆ ಎಂದಳು ಹುಡುಗಿ. ಮೊದಲನೆಯದು ಬರೀ ಕೋಪ, ಇದರಲ್ಲಿ ವೈವಿಧ್ಯ ಇದೆ ಎಂದು ನಾನೂ ದೊಡ್ಡದಾಗಿ ಹೇಳಿದೆ. ಆ ಮಾತು ಆಮೇಲೆ ನನ್ನನ್ನು ಹುಡುಕಿಕೊಂಡು ಬಂತು.

ಈ ಸಲ ಸ್ಟುಡಿಯೋ ಬೇಡ, ಶೆಡ್ಡಿನಲ್ಲೇ ರೆಕಾರ್ಡ್ ಮಾಡೋಣ ಎಂದು ತೀರ್ಮಾನವಾಯಿತು. ಹುಡುಗಿ ಲ್ಯಾಪ್‌ಟಾಪು, ಮೈಕು, ವಯರಿನ ಚೀಲ ಎಲ್ಲ ಹೊತ್ತು ತಂದಳು. ಬುದ್ಧಿವಂತರಂತೆ ಭಾನುವಾರ ಆರಿಸಿಕೊಂಡೆವು. ಪ್ರೆಸ್ಸಿಗೆ ರಜ, ಕೋಣೆ ನಿಶ್ಶಬ್ದ. ಮನೆಯವರು ಸ್ಟೂಲಿನ ಮೇಲೆ ಕೂತು, ಕಿವಿಗೆ ಹೆಡ್‌ಫೋನು ಹಾಕಿ, ತಾಳ ತಪ್ಪದಿರಲೆಂದು ಅದರಲ್ಲಿ ಟಿಕ್ ಟಿಕ್ ಸದ್ದು ಇಟ್ಟುಕೊಂಡು ಶುರು ಮಾಡಿದರು.

ಅರ್ಧ ನಿಮಿಷ ಚೆನ್ನಾಗಿತ್ತು. ಆಮೇಲೆ ಬ್ರೇಕು ಹೋದ ಟೆಂಪೋ ಇಳಿಜಾರಿನಲ್ಲಿ ಹೋಗುವಂತೆ ಹಾಡು ಓಡಿತು. ನಿಲ್ಲಿಸಿ ಮತ್ತೆ ಶುರು ಮಾಡಿದರು. ಮತ್ತೆ ಓಡಿತು. ಇನ್ನೊಂದು ಹಾಡು ಹಿಡಿದರು, ಅದು ನಡುವೆ ಸುಸ್ತಾಗಿ ಕೂತಿತು.

"ಅಂಕಲ್, ಕ್ಲಿಕ್ ಕೇಳಿಸ್ತಿದ್ಯಾ?"

"ಕೇಳಿಸ್ತಿದೆ ಕಣಮ್ಮ. ಕಿವೀಲಿ ಟಿಕ್ ಟಿಕ್ ಅಂತಿದ್ರೆ ಇಂಜೆಕ್ಷನ್‌ಗೆ ಕಾಯ್ತಾ ಕೂತಂಗೆ ಆಗತ್ತೆ."

ಮೊದಲ ಆಲ್ಬಮ್ಮಿನಲ್ಲಿ ಗಡಿಯಾರದ ಹಾಗೆ ಬಾರಿಸಿದ ಮನುಷ್ಯ ಇವರು. ನಾನು ಬೆಳಗಿನ ಇಡ್ಲಿಯನ್ನು ಅನುಮಾನಿಸಿದೆ. ಸ್ಟೂಲನ್ನು ಅನುಮಾನಿಸಿದೆ. ಅವರ ಬಿಪಿಯನ್ನೂ ಅನುಮಾನಿಸಿ, ಮನೆಗೆ ಬಂದ ಮೇಲೆ ಅತ್ತೆಯ ಮಿಷನ್ನಿನಲ್ಲಿ ಪರೀಕ್ಷಿಸಿದೆ. ಸರಿಯಾಗಿಯೇ ಇತ್ತು. ಮುಂದಿನ ಭಾನುವಾರವೂ ಅದೇ ಕತೆ. ಆಗ ಹುಡುಗಿ, ತುಂಬ ಮೆತ್ತಗೆ, ಡ್ರಮ್ಮಿನ ಭಾಗವನ್ನು ಕಂಪ್ಯೂಟರಿನಲ್ಲಿ ಹಾಕಿಬಿಡಬಹುದು, ಈಗೆಲ್ಲ ಹಾಗೇ ಮಾಡುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ ಎಂದಳು.

ಮನೆಯವರು, "ಮಾಡ್ಕೊಳ್ಳಿ" ಎಂದರು. ಸ್ಟಿಕ್ಕುಗಳನ್ನು ಒರೆಸಿ ಚೀಲಕ್ಕೆ ಹಾಕಿಕೊಂಡರು. ಮನೆಗೆ ಬಂದು ಚಪ್ಪಲಿ ಬಿಡುವಾಗ ಒಂದು ಮಾತು ಹೇಳಿದರು.

"ಲೇತ್ ಹತ್ರಾನೂ ಇದೇ ಹೇಳಿದ್ರು ಕಣೆ. ಈಗೆಲ್ಲ ಹಂಗೇ, ಕಂಪ್ಯೂಟರ್ ಮಾಡತ್ತೆ ಅಂತ. ಇಲ್ಲೂ ಹಂಗೇ ಆಗೋದಾದ್ರೆ ನಾನಿನ್ನು ಸ್ಟಿಕ್ ಮುಟ್ಟಲ್ಲ."

ಅವರು ಇಪ್ಪತ್ತು ವರ್ಷ ಕಬ್ಬಿಣ ಕಡೆಯುವ ಲೇತಿನ ಮುಂದೆ ನಿಂತವರು. ಅದರ ಜಾಗಕ್ಕೆ ಕಂಪ್ಯೂಟರಿನ ಮಿಷನ್ನು ಬಂದಾಗ ಅವರನ್ನು ಸ್ಟೋರ್ಸಿಗೆ ಹಾಕಿದ್ದರು. ಆ ದಿನವೂ ಚಪ್ಪಲಿ ಬಿಡುತ್ತಾ ಇಷ್ಟೇ ಸಣ್ಣ ದನಿಯಲ್ಲಿ ಹೇಳಿದ್ದರು. ಆವತ್ತಿನಿಂದ ವಾರದ ಆರು ದಿನ ಅವರು ಬೋಲ್ಟಿನ ಡಬ್ಬಗಳಿಗೆ ಚೀಟಿ ಅಂಟಿಸುತ್ತಾರೆ. ಉಳಿದ ಹೊತ್ತಿನ ಮನುಷ್ಯನನ್ನು ಉಳಿಸಿಕೊಟ್ಟಿದ್ದು ಈ ಡ್ರಮ್ಮು. ಅದೂ ಹೋದರೆ ಮನೆಯಲ್ಲಿ ಉಳಿಯುವವರು ಯಾರು ಎಂಬುದು ನನಗೆ ಗೊತ್ತಿತ್ತು. ನ್ಯೂಸ್ ಚಾನೆಲ್ ನೋಡುತ್ತಾ ಬೈಯುವ ಒಬ್ಬ ಗಂಡಸು. ಅಂಥವರು ನಮ್ಮ ಬೀದಿಯಲ್ಲಿ ಆಗಲೇ ಬೇಕಾದಷ್ಟು ಇದ್ದರು.

ಮರುದಿನ ಆಫೀಸಿನ ಊಟದ ಹೊತ್ತಿನಲ್ಲಿ, ಹಿಂದಿನ ದಿನ ಶೆಡ್ಡಿನಲ್ಲೇ ಬಿಟ್ಟುಬಂದಿದ್ದ ಟಿಫನ್ ಕ್ಯಾರಿಯರ್ ತರಲು ಹೋದೆ. ಕೆಳಗೆ ಪ್ರೆಸ್ಸು ಬಡಿಯುತ್ತಿತ್ತು. ಕ್ಯಾರಿಯರ್ ಹಿಡಿದು ಮೆಟ್ಟಿಲು ಇಳಿಯುವಾಗ ನನ್ನ ಬೆರಳುಗಳು ಅದರ ಹಿಡಿಯ ಮೇಲೆ ಮೊದಲ ಹಾಡನ್ನು ತಾವಾಗಿಯೇ ನುಡಿಸತೊಡಗಿದವು. ಪಕ್ಕಾ ಕೂತಿತು. ಒಂದು ಮೆಟ್ಟಿಲು ನಿಂತು ಎರಡನೆಯ ಹಾಡು ಹಚ್ಚಿ ನೋಡಿದೆ. ಅದೂ ಕೂತಿತು. ಮೂರನೆಯದು ಎರಡು ಪೆಟ್ಟಿಗೆ ಒಂದರಂತೆ ಕೂತಿತು. ಕ್ಯಾರಿಯರ್ ಹಿಡಿದು ಮೆಟ್ಟಿಲ ಮೇಲೆ ನಿಂತು ಇಡೀ ಆಲ್ಬಂ ನುಡಿಸಿ ಮುಗಿಸಿದೆ. ಏಳೂ ಹಾಡಿನದು ಒಂದೇ ನಡಿಗೆ. ನಾನು ವೈವಿಧ್ಯ ಎಂದು ಹೊಗಳಿದ್ದೆನಲ್ಲ, ಅದು ಒಂದೇ ಹಿಟ್ಟಿನಲ್ಲಿ ಇಡ್ಲಿ, ದೋಸೆ, ಪಡ್ಡು ಮಾಡಿದ ಹಾಗೆ. ಹಾಡು ಕಟ್ಟಿದ್ದು ನಾವಲ್ಲ, ವಾಷರು!

ಸಂಜೆ ಅವರೆಕಾಯಿ ಬಿಡಿಸುತ್ತಾ ಮನೆಯವರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಕಾಯಿಯನ್ನು ಬಿಡಿಸದೆ ಹಾಗೇ ಬುಟ್ಟಿಗೆ ಹಾಕಿದರು.

"ಅಂದ್ರೆ ಇಷ್ಟು ವರ್ಷ ನಾನು ಡ್ರಮ್ ಬಾರಿಸ್ಲಿಲ್ಲ. ವಾಷರ್ ಎಣಿಸ್ದೆ."

"ಹಂಗಲ್ಲಾರೀ. ನೆಲ ನಡುಗೋದು ಕಾಲಿಗೆ ಅಭ್ಯಾಸ ಆಗಿದೆ, ಅಷ್ಟೇ. ಶನಿವಾರ ರೆಕಾರ್ಡ್ ಮಾಡೋಣ, ಪ್ರೆಸ್ ಇದ್ದಾಗ."

ಹುಡುಗಿಗೆ ಫೋನು ಮಾಡಿದೆ. ಅವಳು ಗಾಬರಿಯಾದಳು.

"ಆಂಟಿ, ಎಲ್ಲಾ ಮೈಕಲ್ಲೂ ಪ್ರೆಸ್ ಬರತ್ತೆ!"

"ಬರ್ಲಿ ಬಿಡೆ. ಮೊದಲನೇ ಆಲ್ಬಮ್ಮಲ್ಲಿ ನೀನು ಕಿರುಚಿದಾಗ ಹೊರಗಡೆ ನಾಯಿ ಊಳಿಟ್ಟಿತ್ತಲ್ಲ, ಅದನ್ನ ಇಟ್ಕೊಂಡಿಲ್ವಾ?"

"ಅದು ಫೀಲ್ ಆಂಟಿ."

"ಇದೂ ಫೀಲೇ."

ಏಳರಲ್ಲಿ ಆರು ಹಾಡು ಆರು ಶನಿವಾರಗಳಲ್ಲಿ ಆದವು ಎಂದು ಹೇಳಿದರೆ ಅಚ್ಚುಕಟ್ಟಾಗಿರುತ್ತದೆ, ಆದರೆ ಹಾಗಾಗಲಿಲ್ಲ. ತಗಡಿನ ಪಟ್ಟಿ ಮುಗಿದಾಗ ಪ್ರೆಸ್ಸು ಗಕ್ಕನೆ ನಿಲ್ಲುತ್ತಿತ್ತು. ನಾವೂ ಹಾಡಿನ ನಡುವೆ ಗಕ್ಕನೆ ನಿಲ್ಲುತ್ತಿದ್ದೆವು. ಕೆಳಗೆ ಹೊಸ ಪಟ್ಟಿ ಏರಿಸುವವರೆಗೆ ಟೀ ಕುಡಿಯುತ್ತಿದ್ದೆವು. ಎಷ್ಟು ಸಲ ಹೀಗಾಯಿತೆಂದರೆ ಎರಡು ಹಾಡುಗಳು ಅಲ್ಲಲ್ಲಿ ನಿಂತಂತೆಯೇ ಉಳಿದುಕೊಂಡವು. ಈಗ ಯಾರೋ ಇಂಟರ್ನೆಟ್ಟಿನಲ್ಲಿ ಆ ದಿಢೀರ್ ಮೌನಗಳು ಬಹಳ ಧೈರ್ಯದವು ಎಂದು ಬರೆದಿದ್ದಾರೆ. ಆ ಮೌನಗಳಲ್ಲಿ ನಾವು ಬನ್ನು ತಿನ್ನುತ್ತಿದ್ದೆವು.

ಮನೆಯವರ ಬಣ್ಣ ಮರಳಿತು. ನಡುಗುವ ನೆಲದ ಮೇಲೆ ಅವರು ರಾಜ. ಕೊನೆಯ ಹಾಡು ಒಂದು ಉಳಿದಿತ್ತು. ಎಲ್ಲಕ್ಕಿಂತ ಉದ್ದದ್ದು, ಮಲಗಿದ ಮಗುವಿನ ಪಕ್ಕದಿಂದ ಎದ್ದು ಬರುವ ಹಾಗೆ ಮೆಲ್ಲಗೆ ಶುರುವಾಗುವಂಥದ್ದು. ಅದನ್ನು ಮುಗಿಸಿಯೇಬಿಡೋಣ ಎಂದು ಒಂದು ಶನಿವಾರ ಪುಳಿಯೋಗರೆ ಕಟ್ಟಿಕೊಂಡು ಹೋದರೆ, ಶೆಡ್ಡಿನ ಮುಂದೆ ಲಾರಿ ನಿಂತಿದೆ. ಲಾರಿಯ ಮೇಲೆ ನಮ್ಮ ಪ್ರೆಸ್ಸು. ಚೈನು ಬಿಗಿದು, ಹಣೆಗೆ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಮದುಮಗಳ ಹಾಗೆ ಕೂರಿಸಿದ್ದಾರೆ. ಜಿಗಣಿಯಲ್ಲಿ ಹೊಸ ಶೆಡ್ಡು ಆಗಿದೆ, ಅಲ್ಲಿಗೆ ಹೋಗುತ್ತದೆ ಎಂದು ಯಜಮಾನರು ಮೊದಲೇ ಹೇಳಿದ್ದರು. ಆದರೆ ಮುಂದಿನ ವಾರ ಎಂದಿದ್ದರು.

"ಲಾರಿಯೋನು ಇವತ್ತೇ ಬಂದ್ಬುಟ್ಟ ಕಣಕ್ಕ. ಬಂದ ಲಾರಿ ಬಿಡಕಾಯ್ತದಾ? ಇಲ್ಲಿ ಇನ್ನು ಪಿಜಿ ಹಾಸ್ಟಲ್ಲು ಕಟ್ಟುಸ್ತೀನಿ."

ಮನೆಯವರು ಲಾರಿಯ ಹತ್ತಿರ ಹೋಗಿ ಪ್ರೆಸ್ಸನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಯಜಮಾನರು ಬಿಡಲಿಲ್ಲ. "ಏನ್ ಸಾ, ನಿಮ್ ಗುರುಗಳಾ?" ಎಂದು ಎಲ್ಲರೆದುರು ಕೇಳಿದರು. ಎಲ್ಲರೂ ನಕ್ಕರು. ಮನೆಯವರೂ ನಕ್ಕರು, ಸ್ವಲ್ಪ ತಡವಾಗಿ.

ಲಾರಿ ಹೋಯಿತು. ನೆಲದಲ್ಲಿ ಪ್ರೆಸ್ಸು ಕೂತಿದ್ದ ಎಣ್ಣೆಗಟ್ಟಿದ ಚೌಕ ಉಳಿಯಿತು. ಮೇಲೆ ಹೋದೆವು. ತಗಡಿನ ಮೇಲೆ ಪಾರಿವಾಳ ಓಡಾಡುವುದು ಕೇಳಿಸಿತು. ಅಲ್ಲಿ ಪಾರಿವಾಳ ಇದೆಯೆಂದೇ ನಮಗೆ ಅಲ್ಲಿಯತನಕ ಗೊತ್ತಿರಲಿಲ್ಲ. ಮನೆಯವರು ಬಾರಿಸಿದರು. ಓಡಿತು. ಮತ್ತೆ ಬಾರಿಸಿದರು. ಮತ್ತೆ ಓಡಿತು. ಹುಡುಗಿ ಹೆಡ್‌ಫೋನು ತೆಗೆದು ಕುತ್ತಿಗೆಗೆ ಹಾಕಿಕೊಂಡಳು.

"ಅಂಕಲ್, ಆರು ಹಾಡು ನಿಮ್ದೇ ಇದೆ. ಈ ಒಂದಕ್ಕೆ ಮಾತ್ರ..."

ಅವಳು ಮಾತು ಮುಗಿಸುವ ಮೊದಲೇ ಅವರು ತಟ್ಟೆಯಾಕಾರದ ಸಿಂಬಲ್ಲಿನ ತಿರುಪು ಬಿಚ್ಚಲು ಶುರು ಮಾಡಿದ್ದರು. ಒಂದು ಬಿಚ್ಚಿ ಚೀಲಕ್ಕಿಟ್ಟರು. ಎರಡನೆಯದಕ್ಕೆ ಕೈ ಹಾಕಿದರು.

ನನಗೆ ಆಗ ಎಲ್ಲಿಂದ ಆವೇಶ ಬಂತೋ. "ಇರ್ರೀ!" ಎಂದು ಕೂಗಿ ಕೆಳಗೆ ಓಡಿದೆ. ಬಿಟ್ಟುಹೋಗಿದ್ದ ದಪ್ಪನೆಯ ಕಬ್ಬಿಣದ ಪಟ್ಟಿಯೊಂದನ್ನೂ ಒಂದು ಸುತ್ತಿಗೆಯನ್ನೂ ಹೊತ್ತು ಏದುಸಿರು ಬಿಡುತ್ತಾ ಮೇಲೆ ಬಂದೆ. "ನಾನೇ ಪ್ರೆಸ್ಸು. ನೀವು ಬಾರಿಸಿ" ಎಂದೆ. ಐದು ವರ್ಷ ತೊಡೆಯ ಮೇಲೆ ತಾಳ ಹಾಕಿ ವೀಣೆ ಕಲಿತವಳು, ಧಡ್ ಧಡ್ ಎಂದು ಒಂದೇ ಸಮ ಬಡಿಯುವುದು ಏನು ಮಹಾ ಎಂಬ ಧೈರ್ಯ. ಗಂಡನನ್ನು ಉಳಿಸಿದ ಹೆಂಡತಿಯ ಪಾತ್ರ ಬೇರೆ. ನೆಲದ ಮೇಲೆ ಕೂತು, ಸೆರಗು ಸಿಕ್ಕಿಸಿ, ಬಡಿಯತೊಡಗಿದೆ.

ಸ್ವಲ್ಪ ಹೊತ್ತು ನಾನು ಪ್ರೆಸ್ಸೇ ಆಗಿದ್ದೆ. ಆಮೇಲೆ ಮನೆಯ ಮೋಟಾರು ಆರಿಸಿದೆನೋ ಇಲ್ಲವೋ ಎಂಬ ಯೋಚನೆ ಬಂತು. ಸುತ್ತಿಗೆ ನಿಧಾನವಾಯಿತು. ಅದು ಗೊತ್ತಾಗಿ ಗಾಬರಿಯಲ್ಲಿ ಜೋರಾಗಿ ಬಡಿದೆ. ಮನೆಯವರು ನನ್ನ ಹಿಂದೆ ಓಡಿದರು, ನಾನು ನಿಂತೆ, ಅವರು ಮುಂದೆ ಹೋದರು, ಹಿಡಿಯಲು ನಾನು ಓಡಿದೆ. ಹುಡುಗಿ ಒಂದು ಕೈಯಲ್ಲಿ ಗಿಟಾರು ಹಿಡಿದು, ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡು, ಗೋಡೆಗೆ ಒರಗಿ ಹಾಗೇ ಜಾರಿ ಕೂತಳು.

"ನಿಲ್ಸೇ, ನಿಲ್ಸು!" ಎಂದರು ಮನೆಯವರು. "ಪ್ರೆಸ್ಸಂತೆ ಪ್ರೆಸ್ಸು. ಸ್ಟಾಪ್ ಇಲ್ಲದ ಕಡೆ ನಿಲ್ಲೋ ಬಸ್ಸು ಕಣೆ ನೀನು."

"ನಿಮಗೆ ಸಹಾಯ ಮಾಡೋಣ ಅಂತ ಬಂದ್ರೆ..."

"ಅಲ್ಲಾ, ಇಷ್ಟು ವರ್ಷ ನೀನೂ ಆ ಪ್ರೆಸ್ ಮೇಲೇ ಸವಾರಿ ಮಾಡ್ತಿದ್ಯಾ?"

"ಮತ್ತೇನು? ನೀವೊಬ್ರೇ ಅಂದ್ಕೊಂಡ್ರಾ?"

"ನಾನೂ ಆಂಟಿ," ಎಂದಳು ಹುಡುಗಿ ನೆಲದಿಂದಲೇ. "ನಂಗೂ ಈಗ ಎಲ್ಲಿ ಕಿರುಚ್ಬೇಕು ಅಂತಾನೇ ಗೊತ್ತಾಗ್ಲಿಲ್ಲ."

ಮನೆಯವರು ನಮ್ಮಿಬ್ಬರನ್ನೂ ನೋಡಿದರು. ಅವರ ಮುಖದ ಬಿಗಿ ಸಡಿಲವಾಯಿತು. ಹಾಳಾದವರು ತಾವೊಬ್ಬರೇ ಅಲ್ಲ ಎಂಬುದು ಎಷ್ಟು ದೊಡ್ಡ ಸಮಾಧಾನವೋ! ಬಿಚ್ಚಿದ್ದ ಸಿಂಬಲ್ಲನ್ನು ಚೀಲದಿಂದ ತೆಗೆದು ಮತ್ತೆ ಕೂರಿಸಿದರು. ಆಮೇಲೆ ಒಂದು ಕೆಲಸ ಮಾಡಿದರು. ಮೊದಲಿನಿಂದಲೂ ಅವರ ಸ್ಟೂಲು ಕಿಟಕಿಯ ಕಡೆಗೆ ಇತ್ತು. ನಾನು ಆಂಪ್ಲಿಫೈಯರಿನ ಕಡೆಗೆ, ಹುಡುಗಿ ಲ್ಯಾಪ್‌ಟಾಪಿನ ಕಡೆಗೆ. ತಾಳ ನೆಲದಿಂದಲೇ ಬರುತ್ತಿದ್ದಾಗ ಯಾರು ಯಾರ ಮುಖ ನೋಡಬೇಕು? ಒಂದೇ ಬಸ್ಸಿನಲ್ಲಿ ಹೋಗುವ ಪ್ರಯಾಣಿಕರ ಹಾಗೆ ನುಡಿಸಿಕೊಂಡು ಬಂದಿದ್ದೆವು. ಅವರು ಎದ್ದು, ಸ್ಟೂಲನ್ನೂ ಡ್ರಮ್ಮುಗಳನ್ನೂ ಒಂದೊಂದಾಗಿ ತಿರುಗಿಸಿ, ನನಗೆ ಎದುರಾಗಿ ಕೂತರು.

"ಸುತ್ತಿಗೆ ಕೆಳಗಿಡು. ಗಿಟಾರ್ ತಗೋ. ನನ್ನ ಕೈ ನೋಡು."

"ನೀವೂ ನನ್ನ ಕೈ ನೋಡಿ. ಯಾವಾಗ್ಲೂ ನಾನೇ ನೋಡ್ಬೇಕಾ?"

"ಆಯ್ತು ಮಾರಾಯ್ತಿ."

ಹುಡುಗಿ ಸದ್ದಿಲ್ಲದೆ ರೆಕಾರ್ಡ್ ಒತ್ತಿದ್ದು ನಮಗೆ ಗೊತ್ತಾಗಲಿಲ್ಲ. ಹಾಡು ಮೆಲ್ಲಗೆ ಎದ್ದಿತು. ಗಂಡನ ಕೈಯನ್ನು ಅಷ್ಟು ಹೊತ್ತು ಒಂದೇ ಸಮನೆ ನಾನು ಮದುವೆಯ ದಿನವೂ ನೋಡಿರಲಿಲ್ಲ. ಮಣಿಕಟ್ಟಿನಲ್ಲಿ ಒಂದು ಹಳೆಯ ಸುಟ್ಟ ಗಾಯ ಇದೆ. ಪೆಟ್ಟು ಬೀಳುವ ಮುಂಚೆ ಅದು ಸ್ವಲ್ಪ ಮೇಲೇಳುತ್ತದೆ. ಅದನ್ನೇ ಹಿಡಿದುಕೊಂಡೆ. ಕೂಗುವ ಜಾಗ ಬಂದಾಗ ಹುಡುಗಿ ಇಬ್ಬರನ್ನೂ ನೋಡಿ ಕೂಗಿದಳು. ಕೊನೆಕೊನೆಗೆ ಹಾಡು ಓಡಿತು. ಖಂಡಿತ ಓಡಿತು. ಆದರೆ ಮೂವರೂ ಒಟ್ಟಿಗೆ, ಮಳೆ ಬಂದಾಗ ಒಂದೇ ಕೊಡೆಯಲ್ಲಿ ಓಡುವವರ ಹಾಗೆ ಓಡಿದೆವು.

"ಓಡಿತಲ್ಲಮ್ಮ?" ಎಂದು ಕೇಳಿದರು ಮನೆಯವರು.

"ಓಡಿತು ಅಂಕಲ್."

"ತೆಗೆದು ಕಂಪ್ಯೂಟರ್ ಹಾಕ್ತೀಯಾ?"

"ಇದನ್ನ ತೆಗೆದ್ರೆ ನಾನೇ ಬ್ಯಾಂಡ್ ಬಿಡ್ತೀನಿ ಗುರು," ಎಂದಳು. ಖುಷಿ ಹೆಚ್ಚಾದಾಗ ಅವಳಿಗೆ ಅಂಕಲ್ ಮರೆತುಹೋಗುತ್ತದೆ.

ಹೀಗೆ ಮುಗಿದ ಆಲ್ಬಂ ಆ ಬೆಳಿಗ್ಗೆ, ನಾನು ಕೊತ್ತಂಬರಿ ಬಿಡಿಸುವ ಮುಂಚೆ, ಲೋಕಕ್ಕೆ ಸೇರಿತು. ಸಂಜೆ ವರ್ತೂರಿನಲ್ಲಿ ಅದನ್ನು ನುಡಿಸುವ ಕಾರ್ಯಕ್ರಮ. ಹುಡುಗಿಯ ಅಪ್ಪನಿಗೆ ಅಲ್ಲಿ ಬಾಡಿಗೆ ಮನೆಗಳ ಕಟ್ಟಡ ಇದೆ. ಅದರ ಕೆಳಗಿನ ಪಾರ್ಕಿಂಗ್ ಜಾಗವೇ ವೇದಿಕೆ. ಬಾಡಿಗೆದಾರರೆಲ್ಲ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಓನರ್ ಮಗಳು ಕರೆದಾಗ ಬರುವುದಿಲ್ಲ ಎನ್ನಲು ಯಾರಿಗೆ ಧೈರ್ಯ? ನಮ್ಮನ್ನೂ ಡ್ರಮ್ಮುಗಳನ್ನೂ ಹೇರಿಕೊಂಡು ಬಂದದ್ದು ಶೆಡ್ಡಿನ ಯಜಮಾನರು, ತಮ್ಮ ವಾಷರ್ ಸಾಗಿಸುವ ಟೆಂಪೋದಲ್ಲಿ.

ಶುರುವಾಗುವ ಮುಂಚೆ ಹುಡುಗಿ ಮನೆಯವರನ್ನು ಪಕ್ಕಕ್ಕೆ ಕರೆದಳು. ಪ್ರೆಸ್ಸಿನ ಸದ್ದನ್ನು ಬೇರೆಯಾಗಿ ಹಿಡಿದಿಟ್ಟಿದ್ದೇನೆ, ಬೇಕಾದರೆ ಸ್ಪೀಕರಿನಲ್ಲಿ ಹಾಕುತ್ತೇನೆ, ಆರು ಹಾಡಿಗೆ ಭಯವಿಲ್ಲ ಎಂದಳು. ಅವರು ಹಾಕಮ್ಮ ಎನ್ನಲಿ ಎಂದು ನನಗೆ ಅರ್ಧ ಮನಸ್ಸು, ನನ್ನ ಸಲುವಾಗಿಯೇ.

ಮನೆಯವರು ಕೈಯಾಡಿಸಿದರು. "ಬೇಡ ಬಿಡಮ್ಮ. ಅದು ಜಿಗಣೀಲಿ ದುಡೀತಿದೆ. ಓವರ್‌ಟೈಮಿಗೆ ಇಲ್ಲಿಗ್ಯಾಕೆ ಕರೀತೀಯ?"

ಮೊದಲ ಎರಡು ಹಾಡು ಹೇಗೋ ದಾಟಿದೆವು. ಮೂರನೆಯದರ ನಡುವೆ ಕಟ್ಟಡಕ್ಕೆ ನೀರಿನ ಟ್ಯಾಂಕರ್ ಬಂತು. ವರ್ತೂರಿನಲ್ಲಿ ಏನು ನಿಂತರೂ ಟ್ಯಾಂಕರ್ ನಿಲ್ಲುವಂತಿಲ್ಲ. ಪೈಪು ಸಂಪಿಗೆ ಇಳಿಸಿ ಪಂಪು ಹಾಕಿದರು. ಡಬ, ಡಬ, ಡಬ, ಎಷ್ಟು ಚೆಂದದ ತಾಳ! ಮನೆಯವರ ತಲೆ ಆ ಕಡೆ ವಾಲಿತು. ಹಳೆಯ ಗೆಳತಿಯ ದನಿ ಕೇಳಿದವರ ಮುಖ. ಕೈ ಪಂಪಿನ ಕಡೆ ಜಾರತೊಡಗಿತು. ನನಗೆ ಬೇರೇನೂ ತೋಚಲಿಲ್ಲ. ನಡೆದುಹೋಗಿ ಅವರಿಗೂ ಟ್ಯಾಂಕರಿಗೂ ನಡುವೆ, ಜನರಿಗೆ ಬೆನ್ನು ಹಾಕಿ, ಅಡ್ಡ ನಿಂತೆ. ಬಾಸ್ ಗಿಟಾರನ್ನು ಅವರ ಮೂಗಿನ ಹತ್ತಿರ ಹಿಡಿದು ನುಡಿಸಿದೆ. ಅವರು ಬೆಚ್ಚಿದವರಂತೆ ನನ್ನ ಕೈ ನೋಡಿದರು. ಮಣಿಕಟ್ಟಿನ ಗಾಯ ಮೇಲೆದ್ದಿತು. ಪೆಟ್ಟು ನನ್ನ ತಂತಿಯ ಜೊತೆ ಬಿತ್ತು. ಆಮೇಲೆ ಅವರು ಟ್ಯಾಂಕರ್ ಕಡೆ ತಿರುಗಲಿಲ್ಲ. ನಾನೂ ಜನರ ಕಡೆ ತಿರುಗಲಿಲ್ಲ. ತಿರುಗಿದರೆ ಎಲ್ಲಿ ಜಾರುತ್ತಾರೋ ಎಂದು ಏಳನೆಯ ಹಾಡಿನವರೆಗೂ ಬೆನ್ನು ತೋರಿಸಿಯೇ ನಿಂತೆ. ಮುಗಿದ ಮೇಲೆ ಎರಡನೇ ಮಹಡಿಯ ಒಬ್ಬ ಹು‍ಡುಗ ಬಂದು, ಆಡಿಯನ್ಸಿಗೆ ಬೆನ್ನು ಹಾಕಿದ ನಿಮ್ಮ ಆಟಿಟ್ಯೂಡ್ ಸಕ್ಕತ್ ಆಂಟಿ ಎಂದ. ಬೆಲ್ಟಿನ ಫಾಲ್ಸ್ ಹೊಲಿಗೆ ಕಾಣಿಸಿತೇನೋ ಎಂದು ನನ್ನ ಚಿಂತೆ.

ಎಲ್ಲ ಹಾಡೂ ಓಡಿದವು. ಒಟ್ಟಿಗೇ ಓಡಿದ್ದರಿಂದ ಯಾರೂ ಬೀಳಲಿಲ್ಲ. ಕಾರ್ಯಕ್ರಮ ಎಷ್ಟು ಬೇಗ ಮುಗಿಯಿತೆಂದರೆ, ಹುಡುಗಿಯ ಅಮ್ಮ ಕೊನೆಯಲ್ಲಿ ಕೊಡಲೆಂದು ಕರಿಯುತ್ತಿದ್ದ ಬೋಂಡ ಇನ್ನೂ ಎಣ್ಣೆಯಲ್ಲೇ ಇತ್ತು. ಟೆಂಪೋಗೆ ಡ್ರಮ್ಮು ಏರಿಸುವಾಗ ಯಜಮಾನರು ಮನೆಯವರ ಬೆನ್ನು ತಟ್ಟಿದರು.

"ಮಿಷನ್ ಇಲ್ದಂಗೂ ಹೊಡೀತೀರ ಸಾ. ಒಸಿ ಸ್ಪೀಡು, ಅಷ್ಟೇಯ."

"ಗುರುಗಳು ಇರ್ಲಿಲ್ವಲ್ಲ, ಬೈಯೋರಿಲ್ಲ," ಎಂದರು ಮನೆಯವರು. ಈ ಸಲ ಅವರೇ ಮೊದಲು ನಕ್ಕರು.

ಬೇಗ ಮುಗಿದದ್ದರಿಂದ ಆಫೀಸು ಬಿಡುವ ಗಾಡಿಗಳಿಗಿಂತ ಮುಂಚೆ ಮಾರತಹಳ್ಳಿ ದಾಟಿದೆವು. ನಮ್ಮ ಸಂಗೀತದಿಂದ ನಾಡಿಗೆ ಏನು ಉಪಕಾರವಾಯಿತೋ ತಿಳಿಯದು, ನಮಗಂತೂ ಇಷ್ಟಾಯಿತು. ಮನೆಗೆ ಬಂದಾಗ ಅತ್ತೆ ಮುದ್ದೆ ಕಟ್ಟಿ, ಬೆಳಗಿನ ಹುರುಳಿಕಟ್ಟಿನ ಸಾರು ಬಿಸಿ ಮಾಡಿ ಕಾಯುತ್ತಿದ್ದರು. "ಜನ ಬಂದಿದ್ರಾ? ಎದ್ದು ಹೋಗ್ಲಿಲ್ವಾ?" ಎಂದು ಕೇಳಿದರು. ಅವರದೇ ಮನೆ ಅತ್ತೆ, ಎಲ್ಲಿಗೆ ಎದ್ದು ಹೋಗ್ತಾರೆ ಎಂದೆ. ಮುದ್ದೆ, ಸಾರು, ಹುರುಳಿ ಪಲ್ಯ, ಬೋಂಡದ ಪೊಟ್ಟಣದಲ್ಲಿ ಉಳಿದಿದ್ದ ನಾಲ್ಕು, ಕೊನೆಗೆ ಬೆಳಿಗ್ಗೆ ಎತ್ತಿಟ್ಟ ಮೊಸರು. ಮೊಸರು ಸ್ವಲ್ಪ ಹುಳಿಯಾಗಿತ್ತು.

ಅತ್ತೆ ತಟ್ಟೆ ತೊಳೆಯಲು ಬಿಡದೆ ತಾವೇ ತೊಳೆದರು. ದೀಪ ಆರಿಸಿದ ಮೇಲೆ ಮನೆಯವರು ಸೂರು ನೋಡುತ್ತಾ ಕೇಳಿದರು.

"ಮೂರನೇ ಹಾಡಲ್ಲಿ ಟ್ಯಾಂಕರ್ ಹಿಂದೆ ಹೋಗ್ಬಿಟ್ನೇನೆ?"

"ಹೋಗೋಕೆ ಹೊರಟಿದ್ರಿ. ವಾಪಸ್ ಬಂದ್ರಿ."

"ಹ್ಞೂಂ," ಎಂದರು. ಹಾಗೆ ಎನ್ನುತ್ತಲೇ ನಿದ್ದೆ ಹೋದರು. ಗೋಡೆಯಾಚೆ ಅತ್ತೆ ಕೆಮ್ಮುತ್ತಿದ್ದರು. ಮೋಟಾರು ಆರಿಸಿದ್ದೇನೋ ಇಲ್ಲವೋ ಎಂದು ನಾನೊಬ್ಬಳು ಎದ್ದು ಹೋಗಿ ನೋಡಿ ಬಂದೆ. ಆರಿತ್ತು.